ಹಳೆ ಹೆಡ್‌ಫೋನಿಗೆ ಬ್ಲೂಟೂತ್ ಹಾಕುವಾಗ ಬ್ಯಾಟರಿ ಕಡೆ ನಿಗಾ ಇರಲಿ

ಕೇಬಲ್ ಎಡಗಿವಿಯ ಕಪ್‌ಗೆ ಮಾತ್ರ ಬರುವ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಬಲಗಡೆಗೆ ಹೋಗುವ ವೈರನ್ನು ಕಂಪನಿಯವರೇ ತಲೆಪಟ್ಟಿಯೊಳಗೆ ಎಳೆದಿರುತ್ತಾರೆ. ನಮ್ಮಪ್ಪನದು ಅಂಥದ್ದೇ. ಊಟವಾದ ಮೇಲೆ ಜಗಲಿಯಲ್ಲಿ ಓಡಾಡುತ್ತಾ ತಾಳಮದ್ದಲೆ ಕೇಳುವ ಅವರಿಗೆ ಕೇಬಲ್ ಕಾಲಿಗೆ ತೊಡರುತ್ತಿತ್ತು. ಸ್ಪೀಕರ್ ಮಾತ್ರ ಇವತ್ತಿಗೂ ಗಟ್ಟಿಮುಟ್ಟು, ಅದನ್ನು ಬಿಸಾಡಲು ನನಗೆ ಮನಸ್ಸಿರಲಿಲ್ಲ.

ಬೇಕಾದ್ದೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ: ಎಂಎಚ್-ಎಂ18ನಂಥ ಸ್ಟೀರಿಯೋ ಬ್ಲೂಟೂತ್ ಮಾಡ್ಯೂಲ್, ಟಿಪಿ4056 ಚಾರ್ಜಿಂಗ್ ಬೋರ್ಡ್, 400 ಎಂಎಎಚ್ ಲಿಥಿಯಂ ಪಾಲಿಮರ್ ಬ್ಯಾಟರಿ, ಪುಟ್ಟ ಸ್ಲೈಡ್ ಸ್ವಿಚ್. ಬ್ಯಾಟರಿ ಮೇಲೆ 502535 ಎಂದಿದ್ದರೆ 5 ಮಿ.ಮೀ. ದಪ್ಪ, 25 ಅಗಲ, 35 ಉದ್ದ ಎಂದರ್ಥ. ಕಪ್ಪಿನೊಳಗೆ ಅಳತೆ ನೋಡಿಕೊಂಡೇ ಅಂಗಡಿಗೆ ಹೋಗಿ. ಪಿಎಎಂ8403 ಆಂಪ್ಲಿಫೈಯರ್ ಕೂತಿರುವ ಮಾಡ್ಯೂಲ್ ಮಾತ್ರ ಬೇಡ. ಅದರ ಎರಡೂ ಚಾನೆಲ್‌ಗಳ ಮೈನಸ್ ತುದಿ ಗ್ರೌಂಡ್ (ಎಲ್ಲಕ್ಕೂ ಸಮಾನವಾದ ಮೈನಸ್ ವೈರ್) ಅಲ್ಲ, ಹೆಡ್‌ಫೋನಿನಲ್ಲೋ ಎರಡೂ ಕಿವಿಗೆ ಒಂದೇ ಗ್ರೌಂಡ್. ಜೋಡಿಸಿದರೆ ಚಿಪ್ ಶಾರ್ಟ್ ಆಗುತ್ತದೆ.

ಈಗ ನಾನು ಒತ್ತಿ ಹೇಳಬೇಕಾದ ಮಾತು. ಟಿಪಿ4056 ಬೋರ್ಡ್ ಅಂಗಡಿಯಿಂದ ಬರುವಾಗ 1 ಆಂಪಿಯರ್ ಕರೆಂಟಿಗೆ ಹೊಂದಿಸಿರುತ್ತದೆ. 400 ಎಂಎಎಚ್ ಬ್ಯಾಟರಿಗೆ ಅದು ವಿಪರೀತ. ಬಿಸಿಯಾಗಿ ಉಬ್ಬುತ್ತದೆ, ಅದೂ ಕಿವಿಯ ಪಕ್ಕದಲ್ಲಿ. ಬೋರ್ಡ್ ಮೇಲೆ ‘122’ ಎಂದು ಬರೆದಿರುವ ಎಳ್ಳುಕಾಳಿನಷ್ಟು ರೆಸಿಸ್ಟರ್ ಹುಡುಕಿ. ಅದು 1.2 ಕಿಲೋ ಓಂ. ಅದನ್ನು ಕಿತ್ತು 10 ಕಿಲೋ ಓಂ ಹಾಕಿದರೆ ಕರೆಂಟ್ ಸುಮಾರು 130 ಮಿಲಿಆಂಪ್‌ಗೆ ಇಳಿಯುತ್ತದೆ. ಚಾರ್ಜ್ ಆಗಲು ಮೂರ್ನಾಲ್ಕು ಗಂಟೆ ಹಿಡಿಯಲಿ, ಪರವಾಗಿಲ್ಲ. ಬಿ+, ಬಿ− ಜೊತೆಗೆ ಔಟ್+, ಔಟ್− ಕೂಡ ಇರುವ, ರಕ್ಷಣಾ ಚಿಪ್ ಸಹಿತದ ಬೋರ್ಡನ್ನೇ ಕೇಳಿ ತನ್ನಿ.

ಕುಶನ್ ತೆಗೆದು ಸ್ಕ್ರೂ ಬಿಚ್ಚಿ. ಕೇಬಲ್ ಬಿಡಿಸುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಕೆಂಪು ಬಲಕ್ಕೆ, ಹಸಿರು ಅಥವಾ ನೀಲಿ ಎಡಕ್ಕೆ, ತಾಮ್ರದ ಬಣ್ಣದ್ದು ಗ್ರೌಂಡ್. ಆದರೂ ಮಲ್ಟಿಮೀಟರ್ ಇಟ್ಟು ನೋಡಿ. ಗ್ರೌಂಡಿಗೂ ಒಂದೊಂದು ಬಣ್ಣಕ್ಕೂ ನಡುವೆ ಹಲವು ಹೆಡ್‌ಫೋನ್‌ಗಳಲ್ಲಿ 32 ಓಂ ಆಸುಪಾಸು ತೋರಿಸುತ್ತದೆ. ಮೀಟರ್ ತಾಗಿಸಿದ ಕಡೆಯ ಸ್ಪೀಕರ್ ಮೆಲ್ಲಗೆ ಟಕ್ ಎನ್ನುವುದೂ ಉಂಟು. ಈ ಬಣ್ಣವೆಲ್ಲ ವಾರ್ನಿಷ್. ಬೆಸುಗೆ ಹಿಡಿಯದಿದ್ದರೆ ಸೋಲ್ಡರಿಂಗ್ ಐರನ್ ತುದಿಗೆ ಹೊಸ ಲೆಡ್ (ಬೆಸುಗೆಯ ಸೀಸ) ತುಂಬಿಸಿಕೊಂಡು, ವಾರ್ನಿಷ್ ಸುಟ್ಟು ಎಳೆ ಬೆಳ್ಳಗಾಗುವವರೆಗೆ ಅದರಲ್ಲಿ ಮುಳುಗಿಸಿ ಹಿಡಿಯಿರಿ. ಕಿಟಕಿ ತೆರೆದಿರಲಿ.

ಮಾಡ್ಯೂಲಿನ ಎಲ್ (ಎಡ), ಆರ್ (ಬಲ), ಗ್ರೌಂಡ್‌ಗಳನ್ನು ಆಯಾ ಜಾಗಕ್ಕೆ ಬೆಸೆಯಿರಿ. ಚಾರ್ಜಿಂಗ್ ಬೋರ್ಡಿನ ಔಟ್+ ಸ್ವಿಚ್ ಹಾದು ಮಾಡ್ಯೂಲಿನ ಪ್ಲಸ್‌ಗೆ, ಔಟ್− ನೇರ ಗ್ರೌಂಡಿಗೆ. ಬ್ಯಾಟರಿ ಕೊನೆಗೆ, ಬಿ+ ಮತ್ತು ಬಿ−ಗೆ. ಅದರ ಎರಡು ವೈರನ್ನು ಒಟ್ಟಿಗೆ ಕತ್ತರಿಸಬೇಡಿ, ಕಟರ್ ಬಾಯಲ್ಲೇ ಶಾರ್ಟ್ ಆಗುತ್ತದೆ. ಒಂದನ್ನು ಬೆಸೆದು ಟೇಪ್ ಸುತ್ತಿದ ಮೇಲೆ ಇನ್ನೊಂದು.

ಮಾಡ್ಯೂಲಿನ ಒಂದು ಅಂಚಿನಲ್ಲಿ ಹಾವಿನಂತೆ ಹರಿದ ಗೆರೆ ಕಾಣುತ್ತದಲ್ಲ, ಅದೇ ಆಂಟೆನಾ. ಅದರ ಮೇಲೆ ಬ್ಯಾಟರಿ ಬಂದರೆ ಪಕ್ಕದ ಕೋಣೆಗೆ ಹೋಗುವಷ್ಟರಲ್ಲಿ ಹಾಡು ತುಂಡಾಗುತ್ತದೆ. ಕಪ್ಪಿನೊಳಗಿದ್ದ ಹತ್ತಿಯನ್ನು ಎಸೆಯದೆ ಮತ್ತೆ ತುಂಬಿ. ಅದಿಲ್ಲದಿದ್ದರೆ ಧ್ವನಿ ಡಬ್ಬದೊಳಗಿಂದ ಬಂದಂತಾಗುತ್ತದೆ.

ಮೊದಲ ಸಲದ ಚಾರ್ಜನ್ನು ಕಪ್ ಮುಚ್ಚದೆಯೇ ಮಾಡಿ, ಪಕ್ಕದಲ್ಲೇ ಕೂತಿರಿ. ಆಗಾಗ ಬ್ಯಾಟರಿ ಮುಟ್ಟಿ ನೋಡಿ. ತುಂಬಿದ ಮೇಲೆ ಮೀಟರ್ 4.2 ವೋಲ್ಟ್ ತೋರಿಸಬೇಕು. ಅಲ್ಲಿಯವರೆಗೂ ತಣ್ಣಗಿದ್ದರೆ ಸ್ಕ್ರೂ ಬಿಗಿಯಿರಿ. ಚಾರ್ಜ್ ಆಗುವಾಗ ತಲೆಗೆ ಹಾಕಿಕೊಳ್ಳಬೇಡಿ ಎಂದು ಮನೆಯವರಿಗೆಲ್ಲ ಹೇಳಿಡಿ.