ಹಿಮಗಾಲದಲ್ಲಿ ಬಾತುಕೋಳಿಗಳಿಗೆ ನೀರು, ಮೇವು, ಒಣ ಹಾಸು

ಅಮೆರಿಕದ ಮಿನ್ನೆಸೋಟದಲ್ಲಿ ಮನೆಯ ಹಿತ್ತಲಲ್ಲೇ ಆರು ಬಾತುಕೋಳಿಗಳನ್ನು ಸಾಕುತ್ತಿರುವ ನನಗೆ, ಜನವರಿಯ ಮೈನಸ್ 20 ಡಿಗ್ರಿ ಚಳಿಗಿಂತ ಗೂಡಿನೊಳಗಿನ ತೇವದ ಚಿಂತೆಯೇ ಹೆಚ್ಚು. ಒಣ ಜಾಗವೂ ಹೊಟ್ಟೆ ತುಂಬ ಮೇವೂ ಇದ್ದರೆ ಬಾತುಕೋಳಿ ಚಳಿಯನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತದೆ. ನೆನೆದ ಹಾಸಿನ ಮೇಲೆ ರಾತ್ರಿ ಕಳೆಯಬೇಕಾಗಿ ಬಂದರೆ ಮಾತ್ರ ಅದರ ಪಾದಗಳು ಮರಗಟ್ಟಿ ಹುಣ್ಣಾಗುತ್ತವೆ. ಹಾಗಾಗಿ ನೀರನ್ನು ಎಲ್ಲಿಡಬೇಕು ಎಂಬುದನ್ನು ಎಲ್ಲಕ್ಕಿಂತ ಮೊದಲು ತೀರ್ಮಾನಿಸಿಕೊಳ್ಳಬೇಕು.

ಬಾತುಕೋಳಿ ಮೇಯುವುದನ್ನು ಹತ್ತಿರದಿಂದ ನೋಡಿದರೆ ಇದು ಅರ್ಥವಾಗುತ್ತದೆ. ಅದು ಎರಡು ತುತ್ತು ಮೇವು ತಿಂದು, ಕೊಕ್ಕಿಗೆ ಹಿಟ್ಟು ಮೆತ್ತಿಕೊಂಡೇ ನೀರಿನ ಕಡೆಗೆ ಓಡುತ್ತದೆ, ತಲೆ ಮುಳುಗಿಸಿ ಕೊಡವುತ್ತದೆ, ತೊಟ್ಟಿಕ್ಕುವ ಕೊಕ್ಕಿನಲ್ಲೇ ಮತ್ತೆ ಮೇವಿಗೆ ಬರುತ್ತದೆ. ಹತ್ತು ನಿಮಿಷದಲ್ಲಿ ನೀರು ಅಂಬಲಿಯಾಗಿರುತ್ತದೆ, ಮೇವು ಮುದ್ದೆಯಾಗಿರುತ್ತದೆ. ಆದರೂ ಈ ಮುಳುಗಿಸುವಿಕೆಯನ್ನು ತಪ್ಪಿಸುವಂತಿಲ್ಲ, ಏಕೆಂದರೆ ಮೂಗಿನ ಹೊಳ್ಳೆ ಮತ್ತು ಕಣ್ಣುಗಳನ್ನು ತೊಳೆದುಕೊಳ್ಳಲು ಅದಕ್ಕೆ ಬೇರೆ ದಾರಿಯಿಲ್ಲ; ಕೋಳಿಗಳಿಗೆ ಬಳಸುವ ಹನಿ ನಳಿಕೆಯೊಂದೇ ಇದ್ದರೆ ಸಾಲದು.

ತಲೆ ಪೂರ್ತಿ ಮುಳುಗುವಷ್ಟು ಆಳವಿದ್ದು, ಮೈ ಇಳಿಸಲಾಗದಷ್ಟು ಕಿರಿದಾದ ಬಕೆಟ್ ಇದಕ್ಕೆ ಸೂಕ್ತ. ಪ್ರಾಣಿಗಳಿಗೆಂದೇ ಮಾರುವ, ತಳದಲ್ಲಿ ಹೀಟರ್ ಇರುವ ಬಕೆಟ್ ನೀರು ಹೆಪ್ಪುಗಟ್ಟದಂತೆ ಕಾಯುತ್ತದೆ. ಆದರೆ ಅದರ ವೈರನ್ನು ಕೊಕ್ಕಿಗೆ ಸಿಗದಂತೆ ಮರೆಮಾಡಿ, ವಿದ್ಯುತ್ ಸೋರಿಕೆಯಾದೊಡನೆ ಅದನ್ನು ಕಡಿಯುವ ಸಾಕೆಟ್ಟಿಗೇ ಜೋಡಿಸಬೇಕು. ವಿದ್ಯುತ್ ಸೌಲಭ್ಯವಿಲ್ಲದವರು ಎರಡು ದಪ್ಪ ರಬ್ಬರ್ ಟಬ್‌ಗಳನ್ನು ಇಟ್ಟುಕೊಂಡು, ಒಂದು ಹೊರಗಿರುವಾಗ ಇನ್ನೊಂದನ್ನು ಮನೆಯೊಳಗೆ ಕರಗಲು ಬಿಡಬಹುದು. ರಬ್ಬರ್ ಟಬ್ಬನ್ನು ಬೋರಲು ಹಾಕಿ ತುಳಿದರೂ ಒಡೆಯುವುದಿಲ್ಲ, ಮಂಜುಗಡ್ಡೆ ಮಾತ್ರ ಕಳಚಿ ಬೀಳುತ್ತದೆ. ನೀರು ಹೆಪ್ಪುಗಟ್ಟದಿರಲೆಂದು ಉಪ್ಪನ್ನಾಗಲಿ ಬೇರೆ ರಾಸಾಯನಿಕವನ್ನಾಗಲಿ ಖಂಡಿತ ಬೆರೆಸಬೇಡಿ.

ಬಕೆಟ್ಟನ್ನು ನೆಲದ ಮೇಲೆ ಹಾಗೇ ಇಟ್ಟರೆ ಸುತ್ತ ಚೆಲ್ಲಿದ ನೀರು ಸಂಜೆಯೊಳಗೆ ಜಾರುವ ಮಂಜಾಗುತ್ತದೆ. ನಾನು ಅಗಲವಾದ, ಆಳವಿಲ್ಲದ ತೊಟ್ಟಿಯೊಂದರ ಮೇಲೆ ಮರದ ಚೌಕಟ್ಟು ಕೂರಿಸಿ, ಅದಕ್ಕೆ ಅರ್ಧ ಇಂಚು ಕಣ್ಣಿನ ಗಟ್ಟಿ ತಂತಿ ಬಲೆಯನ್ನು ಬಿಗಿದು, ಬಕೆಟ್ಟನ್ನು ಆ ಬಲೆಯ ಮೇಲೆ ಇಟ್ಟಿದ್ದೇನೆ. ಚೆಲ್ಲಿದ್ದೆಲ್ಲ ತೊಟ್ಟಿಗೆ ಇಳಿಯುತ್ತದೆ, ದಿನಕ್ಕೊಮ್ಮೆ ಗಡ್ಡೆಯ ಸಮೇತ ಎತ್ತಿ ದೂರ ಸುರಿಯುತ್ತೇನೆ. ಈ ಒಂದು ಏರ್ಪಾಡು ನನ್ನ ಅರ್ಧ ಕೆಲಸವನ್ನು ಕಡಿಮೆ ಮಾಡಿತು.

ಮೇವಿನ ಪಾತ್ರೆಯನ್ನು ಮಾಡಿನ ಕೆಳಗೆ, ನೀರಿನಿಂದ ನಾಲ್ಕೈದು ಹೆಜ್ಜೆ ದೂರದಲ್ಲಿ ಇಡಿ. ಅಷ್ಟು ನಡೆಯುವುದರೊಳಗೆ ಕೊಕ್ಕಿನ ನೀರು ಬಹುಪಾಲು ಇಳಿದುಹೋಗುತ್ತದೆ. ಪುಡಿ ಮೇವಿಗಿಂತ ಪೆಲೆಟ್ ಮೇವು, ಅಂದರೆ ಒತ್ತಿ ಮಾಡಿದ ಗುಳಿಗೆಯಂಥ ಮೇವು, ಕಡಿಮೆ ಪೋಲಾಗುತ್ತದೆ. ಒಂದು ಬಾತುಕೋಳಿ ದಿನಕ್ಕೆ ಸುಮಾರು 150ರಿಂದ 200 ಗ್ರಾಂ ತಿನ್ನುತ್ತದೆ, ಚಳಿ ಏರಿದಂತೆ ಇನ್ನೂ ಸ್ವಲ್ಪ ಹೆಚ್ಚು. ಕೋಳಿಯ ಮೇವನ್ನೇ ಕೊಡುವವರು ಅದಕ್ಕೆ ಬ್ರೂವರ್ಸ್ ಯೀಸ್ಟ್ (ಬಿಯರ್ ತಯಾರಿಕೆಯ ಯೀಸ್ಟಿನ ಒಣ ಪುಡಿ) ಬೆರೆಸಬೇಕು, ಏಕೆಂದರೆ ಬಾತುಕೋಳಿಗೆ ಅದರಲ್ಲಿರುವ ನಯಾಸಿನ್ ಎಂಬ ಬಿ ವಿಟಮಿನ್ ಹೆಚ್ಚು ಬೇಕು, ಅದರಲ್ಲೂ ಮರಿಗಳಿಗೆ ಅದು ಕಡಿಮೆಯಾದರೆ ಕಾಲು ಸೊಟ್ಟಗಾಗುತ್ತದೆ. ಸಂಜೆ ಒಂದು ಹಿಡಿ ಒಡೆದ ಮೆಕ್ಕೆಜೋಳ ಹಾಕಬಹುದು, ಬ್ರೆಡ್ ಬೇಡ. ನೆನೆದು ಉಳಿದ ಮೇವನ್ನು ಆಯಾ ದಿನವೇ ತೆಗೆದುಹಾಕುವುದನ್ನು ಮಾತ್ರ ಎಂದೂ ಮರೆಯಬಾರದು. ಬೂಷ್ಟು ಹಿಡಿದ ಧಾನ್ಯದಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಾತುಕೋಳಿಗಳು ಕೋಳಿಗಳಷ್ಟೂ ತಾಳಲಾರವು.

ರಾತ್ರಿ ಗೂಡಿನೊಳಗೆ ನಾನು ನೀರು ಇಡುವುದಿಲ್ಲ, ನೀರಿಲ್ಲದ ಕಡೆ ಮೇವನ್ನೂ ಇಡುವುದಿಲ್ಲ, ಏಕೆಂದರೆ ಒಣ ಮೇವು ಅವುಗಳ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಡಿಸೆಂಬರಿನಲ್ಲಿ ಇಲ್ಲಿ ಸಂಜೆ ಐದಕ್ಕೂ ಮೊದಲೇ ಕತ್ತಲಾಗುವುದರಿಂದ, ಬೇಲಿಯೊಳಗೆ ದೀಪ ಹಾಕಿ ಎಂಟು ಗಂಟೆಯವರೆಗೆ ತಿಂದು ಕುಡಿಯಲು ಬಿಟ್ಟು ಆಮೇಲೆ ಒಳಗೆ ಸೇರಿಸುತ್ತೇನೆ. ಹಿಕ್ಕೆಯಲ್ಲಿಯೂ ಬಹುಪಾಲು ನೀರೇ ಇರುವುದರಿಂದ, ಬೆಳಿಗ್ಗೆ ಒದ್ದೆಯಾದ ಹುಲ್ಲನ್ನು ತೆಗೆದು ಒಣ ಹುಲ್ಲು ಹರಡಬೇಕು. ಗೂಡಿನ ಮೇಲ್ಭಾಗದ ಗಾಳಿಕಿಂಡಿಯನ್ನು ಚಳಿಗೆ ಹೆದರಿ ಮುಚ್ಚಬಾರದು. ಒಳಗೆ ಕಣ್ಣು ಉರಿಸುವ ಅಮೋನಿಯ ವಾಸನೆ ಬಂದರೆ ಹಾಸು ಬದಲಿಸುವುದು ತಡವಾಗಿದೆ ಎಂದೇ ತಿಳಿಯಬೇಕು.

ಬಿಸಿಲು ಬಂದು ಮಂಜು ಕರಗುವ ದಿನ ನಡುಮಧ್ಯಾಹ್ನ ದೊಡ್ಡ ತೊಟ್ಟಿಯಲ್ಲಿ ಮೀಯಲು ಬಿಡಿ, ಪುಕ್ಕ ಒಣಗಲು ಸಮಯ ಸಿಗುವಂತೆ ಎರಡು ಗಂಟೆಯೊಳಗೆ ತೊಟ್ಟಿಯನ್ನು ಖಾಲಿ ಮಾಡಿ ಬೋರಲು ಹಾಕಿ.