ಹಾಡಿಗಿಂತ ಮುಂಚೆ ಬರುವ ಚಪ್ಪಾಳೆ

‘ರಕ್ತರಾತ್ರಿ’ ಬಳ್ಳಾರಿ ಸೀಮೆಗೆ ಹೊಸ ನಾಟಕ ಅಲ್ಲ. ಮಹಾಭಾರತ ಯುದ್ಧದ ಕೊನೆಗೆ ಅಶ್ವತ್ಥಾಮ ರಾತ್ರಿ ಹೊತ್ತಿನಲ್ಲಿ ದ್ರೌಪದಿಯ ಮಕ್ಕಳನ್ನು ಕೊಂದ ಕಥೆ ಇದು. ಕಂದಗಲ್ ಹನುಮಂತರಾಯರು ಬರೆದ ಇದರ ಮಾತುಗಳು ಇಲ್ಲಿನ ಹಳ್ಳಿಗಳ ಎಷ್ಟೋ ಹಿರಿಯರಿಗೆ ಬಾಯಿಪಾಠ. ಒಂದು ಸಲ ಶಕುನಿ ಪಾರ್ಟು ಚೆನ್ನಾಗಿ ಮಾಡಿದವನನ್ನು ಊರು ಕೊನೇತನಕ ಶಕುನಿ ಅಂತಲೇ ಕರೆಯುತ್ತದೆ. ಇಂಥ ನಾಟಕವನ್ನು ಹಳೇ ಹಾಡು, ಪದ್ಯಗಳ ಸಮೇತ ಮತ್ತೆ ಕಟ್ಟೋಣ ಅಂತ ನಮ್ಮ ತಂಡ ಹೊರಟಿತು. ಹಾರ್ಮೋನಿಯಂ ಮೇಷ್ಟ್ರು ನಾನು. ಹಾಡು ಕಲಿಸೋದು ನನಗೆ ಹೊಸದಲ್ಲ. ಆದರೆ ಇಲ್ಲಿ ಜನ ನಾಟಕವನ್ನು ತಲೆಯಲ್ಲಿ ಇಟ್ಟುಕೊಂಡೇ ಬರುತ್ತಾರೆ. ಅವರ ಕಿವಿಯಲ್ಲಿ ಆಗಲೇ ಒಂದು ದ್ರೌಪದಿ ಹಾಡುತ್ತಿರುತ್ತಾಳೆ. 2020ರಲ್ಲಿ ತೀರಿಕೊಂಡ ಬಳ್ಳಾರಿಯ ರಂಗನಟಿ, ಗಾಯಕಿ ಸುಭದ್ರಮ್ಮ ಮನ್ಸೂರ್ ಅವರ ರಂಗಗೀತೆ ಕೇಳಿದ ಕಿವಿಗಳು ಈ ಊರಲ್ಲಿ ಇನ್ನೂ ಬೇಕಾದಷ್ಟಿವೆ. ಅಂಥವರ ಮುಂದೆ ಪೇಟಿ, ಅಂದರೆ ಹಾರ್ಮೋನಿಯಂ, ಹಿಡಿದು ಕೂರೋದು ಸುಮ್ನೆ ಮಾತಲ್ಲ.

ಮೊದಲು ಬಂದ ಪ್ರಶ್ನೆ ಶ್ರುತಿಯದು. ನಾಟಕ ಕಂಪನಿಗಳ ಕಾಲದ ನಟರು ಮೈಕ್ ಇಲ್ಲದೆ ಹಾಡಿದವರು. ಕೊನೇ ಸಾಲಿನವನಿಗೂ ಕೇಳಬೇಕಲ್ಲ, ಅದಕ್ಕೆ ಗಂಡಸರೂ ಕಪ್ಪು ನಾಲ್ಕರಲ್ಲಿ, ಅಂದರೆ ಪೇಟಿಯ ನಾಲ್ಕನೇ ಕಪ್ಪು ಮನೆಯನ್ನು ಷಡ್ಜ ಮಾಡಿಕೊಂಡು, ಏರಿ ಹಾಡುತ್ತಿದ್ದರು. ಈಗಿನ ಹುಡುಗರಿಗೆ ಆ ಶ್ರುತಿ ಕೊಟ್ಟರೆ ಎರಡನೇ ಅಂಕಕ್ಕೆ ಗಂಟಲು ಹೋಗುತ್ತದೆ. ಅಶ್ವತ್ಥಾಮನಿಗೆ ಶ್ರುತಿಯನ್ನು ಬಿಳಿ ಎರಡಕ್ಕೆ ಇಳಿಸಿದೆ. ಆದರೆ ಪದ್ಯದ ಕೊನೇ ಸಾಲಿನಲ್ಲಿ ತಾರ ಷಡ್ಜಕ್ಕೆ, ಅಂದರೆ ಮೇಲಿನ ಸಾ ಸ್ವರಕ್ಕೆ, ಹೋಗಿ ನಿಲ್ಲಲೇಬೇಕು ಅಂತ ಹಟ ಹಿಡಿದೆ. ಜನ ಕಾಯೋದು ಆ ಜಾಗಕ್ಕೆ. ಅಲ್ಲಿ ದನಿ ನಿಂತರೆ ಶ್ರುತಿ ಇಳಿಸಿದ್ದನ್ನು ಯಾರೂ ಲೆಕ್ಕಕ್ಕೆ ಇಡೋದಿಲ್ಲ.

ಬಳ್ಳಾರಿಯಲ್ಲಿ ತೆಲುಗು ಮಾತಾಡುವವರೂ ಜಾಸ್ತಿ. ಪದ್ಯನಾಟಕ ಅಂದರೆ ಪ್ರಾಣ ಬಿಡುವವರು ಅವರು. ವೃತ್ತ (ಛಂದಸ್ಸಿನ ಪದ್ಯ) ಹಾಡಿ ಕೊನೆಗೆ ಉದ್ದ ಆಲಾಪ ಎಳೆದರೆ ಸಾಕು, ಎದ್ದು ನಿಂತು ‘ವನ್ಸ್ ಮೋರ್’ ಅನ್ನುತ್ತಾರೆ. ತಂಡದ ಹುಡುಗರಿಗೆ ಆಲಾಪ ಉದ್ದ ಆಯ್ತು ಅನ್ನಿಸಿತ್ತು. ನಾನು ಕತ್ತರಿಸಲು ಬಿಡಲಿಲ್ಲ.

ರಾಘವ ಕಲಾಮಂದಿರದಲ್ಲಿ ಆಡಿದಾಗ ಇದು ಚರ್ಚೆಗೂ ಬಂತು. ಬಳ್ಳಾರಿ ರಾಘವರು ಹಾಡಿನ ಆರ್ಭಟ ಕಡಿಮೆ ಮಾಡಿ ಅಭಿನಯಕ್ಕೆ ಒತ್ತು ಕೊಟ್ಟ ನಟ. ಅವರ ಹೆಸರಿನ ಮಂದಿರದಲ್ಲಿ ಹಾಡೇ ಹಾಡಿನ ನಾಟಕ ಯಾಕೆ ಅಂತ ಒಬ್ಬ ಹಿರಿಯರು ಕೇಳಿದರು. ಒಳ್ಳೆಯ ಪ್ರಶ್ನೆ ಅದು. ಹಾಡು ಮಾತಿನ ದಾರಿಗೆ ಅಡ್ಡ ಬಂದರೆ ರಾಘವರ ಮಾತೇ ಸರಿ. ಮಾತಿಗೆ ಮುಂದೆ ದಾರಿ ಇಲ್ಲದಾಗ ಬಂದ ಹಾಡು ಬೇರೆ. ದ್ರೌಪದಿ ಐದೂ ಮಕ್ಕಳನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡವಳು. ಅವಳು ಆ ಹೊತ್ತಿನಲ್ಲಿ ಏನಂತ ಮಾತಾಡಬೇಕು? ಹಾಡಲೇಬೇಕು.

ಅವಳ ಹಾಡಿನಲ್ಲೇ ನಮಗೆ ದೊಡ್ಡ ತೊಡಕು ಎದುರಾಯಿತು. ನಾನು ಪೇಟಿಯಲ್ಲಿ ಜೋಗಿಯಾ ರಾಗದ ನಾಲ್ಕು ಸ್ವರ ಮುಟ್ಟುತ್ತಿದ್ದಂತೆ ಹಿರಿಯರಿಗೆ ಹಾಡು ಗೊತ್ತಾಗಿಬಿಡುತ್ತಿತ್ತು. ಚಪ್ಪಾಳೆ, ಸೀಟಿ ಶುರು. ಆ ಸದ್ದಿನಲ್ಲಿ ಪಲ್ಲವಿಯ ಮೊದಲ ಸಾಲೇ ಮುಳುಗುತ್ತಿತ್ತು. ಹಾಡು ಗೊತ್ತಿದ್ದವರಿಗೆ ಪರವಾಗಿಲ್ಲ. ಮೊದಲ ಸಲ ನೋಡಲು ಬಂದವರಿಗೆ ಕಥೆ ಅಲ್ಲೇ ಕೈತಪ್ಪುತ್ತಿತ್ತು. ಚಪ್ಪಾಳೆ ತಟ್ಟಬೇಡಿ ಅಂತ ಮೈಕಿನಲ್ಲಿ ಹೇಳೋಣ ಅಂದರು ಒಬ್ಬರು. ನನಗೆ ಅದು ಸರಿ ಕಾಣಲಿಲ್ಲ. ಗುರುತು ಸಿಕ್ಕ ಖುಷಿಗೆ ತಟ್ಟುವ ಚಪ್ಪಾಳೆ ಅದು. ಅದನ್ನು ಬೇಡ ಅನ್ನೋದು ಮನೆಗೆ ಬಂದ ನೆಂಟರಿಗೆ ಬಾಗಿಲಲ್ಲೇ ನಿಲ್ಲಿ ಅಂದ ಹಾಗೆ.

ಅದಕ್ಕೆ ಪೇಟಿಯ ಮುನ್ನುಡಿಯನ್ನೇ ಉದ್ದ ಮಾಡಿದೆ. ಮೊದಲು ಗುರುತು ಹಿಡಿಯುವಷ್ಟು ಸ್ವರ ಕೊಡುತ್ತೇನೆ. ಚಪ್ಪಾಳೆ ಬರುತ್ತದೆ. ಬರಲಿ ಅಂತ ಅದೇ ಸ್ವರಗಳನ್ನು ತಬಲಾ ಇಲ್ಲದೆ ಸುತ್ತುತ್ತಾ ಇರುತ್ತೇನೆ. ಸದ್ದು ಇಳಿಯುತ್ತಾ ಬಂದ ಹಾಗೆ ಪೇಟಿಯ ಗಾಳಿಯನ್ನೂ ಇಳಿಸುತ್ತೇನೆ. ಕಾಲು ಪೇಟಿಯ ಅನುಕೂಲ ಇದೇ. ಎರಡೂ ಕೈ ಪೇಟಿಯ ಕಪ್ಪು ಬಿಳಿ ಮನೆಗಳ ಮೇಲಿರುತ್ತವೆ, ಗಾಳಿಯ ಲೆಕ್ಕ ಕಾಲಿನದು. ಪೂರಾ ನಿಶ್ಶಬ್ದ ಆದಮೇಲೆ ಬರೀ ಷಡ್ಜ ಹಿಡಿದು ಪಾತ್ರಧಾರಿ ಕಡೆ ನೋಡುತ್ತೇನೆ. ಆಮೇಲೆ ಅವಳು ಬಾಯಿ ತೆರೆಯುತ್ತಾಳೆ. ಇದಾದ ಮೇಲೆ ಮೊದಲ ಸಾಲು ಯಾವ ಊರಲ್ಲೂ ಮುಳುಗಿಲ್ಲ.

‘ವನ್ಸ್ ಮೋರ್’ಗೂ ಒಂದು ಕಟ್ಟುಪಾಡು ಮಾಡಿಕೊಂಡೆವು. ಹಾಡು ಮುಗಿದ ಮೇಲೆ ತಬಲಾದವರು ಸಣ್ಣ ದನಿಯಲ್ಲಿ ಠೇಕಾ (ತಾಳದ ಮೂಲ ಬಡಿತ) ನುಡಿಸುತ್ತಲೇ ಇರುತ್ತಾರೆ. ಕೂಗು ಒಂದು ಮೂಲೆಯಿಂದ ಮಾತ್ರ ಬಂದರೆ ಮುಂದಿನ ಮಾತಿಗೆ ಹೋಗೋದು. ಎಲ್ಲಾ ಕಡೆಯಿಂದ ಬಂದರೆ ಕೊನೇ ಚರಣ ಮಾತ್ರ ಮತ್ತೊಮ್ಮೆ. ಪೂರಾ ಹಾಡು ಬೇಡ. ಇದರಲ್ಲಿ ಕಷ್ಟದ ಕೆಲಸ ಹಾಡುವವರದಲ್ಲ, ಪಕ್ಕದಲ್ಲಿ ನಿಂತವರದು. ಎರಡನೇ ಸಲ ಹಾಡುವಾಗಲೂ ಭೀಮ ಅದೇ ದುಃಖದಲ್ಲಿ ನಿಂತಿರಬೇಕು. ಕಿರೀಟ ಸರಿ ಮಾಡಿಕೊಳ್ಳುವಂತಿಲ್ಲ, ಸೈಡ್ ವಿಂಗ್ ಕಡೆ ನೋಡುವಂತಿಲ್ಲ. ನಮ್ಮ ಭೀಮನ ಪಾತ್ರಧಾರಿ ಹಗಲು ಹೊತ್ತು ಗ್ಯಾರೇಜಿನಲ್ಲಿ ದುಡಿಯುವವನು. ಇದನ್ನು ಅವನಷ್ಟು ಚೆನ್ನಾಗಿ ಇನ್ಯಾರೂ ಕಲಿಯಲಿಲ್ಲ.

ಮಂದಿರದ ಪ್ರೇಕ್ಷಕರೇ ಬೇರೆ, ಹಳ್ಳಿ ಪ್ರೇಕ್ಷಕರೇ ಬೇರೆ. ಮಂದಿರದಲ್ಲಿ ದೃಶ್ಯ ಮುಗಿಯುವ ತನಕ ಕಾದು ಚಪ್ಪಾಳೆ ತಟ್ಟುತ್ತಾರೆ. ಕುರುಗೋಡು ಕಡೆಯ ಹಳ್ಳಿಗಳಲ್ಲಿ ಜನ ನಾಟಕದ ಜೊತೆಗೇ ಮಾತಾಡುತ್ತಾರೆ. ಶಕುನಿ ಒಳಗೆ ಬಂದ ತಕ್ಷಣ ಗಂಡಸರ ಕಡೆಯಿಂದ ಸೀಟಿ, ಹೆಂಗಸರ ಕಡೆಯಿಂದ ಬೈಗುಳ. ಒಬ್ಬ ಅಜ್ಜಿ ಅಂತೂ ‘ಮನೆಮುರುಕ, ಮತ್ತ ಬಂದ ನೋಡು’ ಅಂತ ಅವನು ಬಂದಾಗಲೆಲ್ಲಾ ಹೇಳುತ್ತಲೇ ಇದ್ದಳು. ನಮ್ಮ ಶಕುನಿ ಅವಳ ಮಾತಿಗೆ ಜಾಗ ಬಿಟ್ಟು ಆಮೇಲೆ ತನ್ನ ಮಾತು ಎತ್ತುತ್ತಿದ್ದ. ಸಂಗೀತ ನಾಟಕ ಅಂತ ನಾವು ಎಷ್ಟೇ ಹೇಳಿಕೊಂಡರೂ ಅತಿ ಹೆಚ್ಚು ಸೀಟಿ ಬೀಳೋದು ಶಕುನಿಯ ಉದ್ದನೆಯ ಮಾತಿಗೇ. ಉಸಿರು ಕಡಿಯದೆ ಹೇಳಿ ಮುಗಿಸಿದರೆ ಹಾಡಿಗೆ ಸಿಗುವ ಮರ್ಯಾದೆಯೇ ಸಿಗುತ್ತದೆ. ಆ ಮಾತಿಗೂ ಒಂದು ಲಯ ಇದೆ. ಅದಕ್ಕೆ ನಾನು ಅಲ್ಲಿ ಬರೀ ಒಂದು ಸ್ವರ ಹಿಡಿದು ಕೂರುತ್ತೇನೆ.

ಇನ್ನು ಆಯೇರಿ. ಹಾಡು ಹಿಡಿಸಿದರೆ ಊರಿನವರು ನೋಟು ತಂದು ಪಾತ್ರಧಾರಿಗೆ ಪಿನ್ನು ಹಾಕುತ್ತಾರೆ, ಮೈಕಿನಲ್ಲಿ ಹೆಸರು ಕೂಗಿಸುತ್ತಾರೆ. ಶಹರದಿಂದ ಬಂದವರು ಇದನ್ನು ಆಭಾಸ ಅನ್ನುತ್ತಾರೆ. ನಾನು ಒಪ್ಪೋದಿಲ್ಲ. ಹಳ್ಳಿ ನಾಟಕದ ಸೀನರಿ ಬಾಡಿಗೆ, ಪಾತ್ರಧಾರಿಗಳ ಊಟ ಇಂಥ ಪ್ರೀತಿಯಿಂದಲೇ ನಡೆದುಕೊಂಡು ಬಂದಿದೆ. ಆದರೆ ದ್ರೌಪದಿ ಅಳುವಾಗ ಮಾತ್ರ ಬೇಡ. ಊರಿನ ಹಿರಿಯರ ಜೊತೆ ಮೊದಲೇ ಕೂತು ಮಾತಾಡಿದೆವು. ಪರದೆ ಬದಲಾಗುವ ಹೊತ್ತಿನಲ್ಲಿ ಎಲ್ಲಾ ಹೆಸರು ಓದೋಣ, ಒಂದನ್ನೂ ಬಿಡೋದಿಲ್ಲ ಅಂದೆವು. ‘ಹೆಸರು ಬಿಡಲಿಲ್ಲ ಅಂದ್ರ ಸಾಕು ಬಿಡ್ರಿ’ ಅಂದರು. ಪರದೆ ಕಟ್ಟುವವರಿಗೂ ಇದರಿಂದ ಸಮಯ ಸಿಕ್ಕಿತು.

ರಾತ್ರಿಯೆಲ್ಲಾ ನಡೆಯುವ ನಾಟಕವನ್ನು ಮಂದಿರಕ್ಕಾಗಿ ಮೂರು ತಾಸಿಗೆ ಇಳಿಸಿದಾಗ ಕೆಲವು ಹಾಡು ಬಿಡಲೇಬೇಕಾಯಿತು. ನಾಟಕ ಮುಗಿದ ಮೇಲೆ ಒಬ್ಬ ಹಿರಿಯರು ಬಣ್ಣದ ಕೋಣೆಗೆ ಬಂದರು. ‘ಮಾಸ್ತರ್ರಿ, ಒಂದು ಹಾಡು ಎಲ್ಲಿ ಹೋತು?’ ಅಂದರು. ಸಮಯದ ಮಾತು ಹೇಳಿದೆ. ಅವರು ಅಲ್ಲೇ ಕುರ್ಚಿ ಎಳೆದುಕೊಂಡು, ಪೆಟ್ಟಿಗೆಯ ಮೇಲೆ ಬೆರಳಿನಿಂದ ದಾದರಾ ತಾಳ ತಟ್ಟುತ್ತಾ, ಬಿಟ್ಟ ಹಾಡನ್ನು ಪೂರಾ ಹಾಡಿದರು. ನಮ್ಮ ಕೈಬರಹದ ಪ್ರತಿಯಲ್ಲಿ ಇಲ್ಲದ ಒಂದು ಚರಣ ಅವರ ಬಾಯಲ್ಲಿತ್ತು. ಮುಖದ ಬಣ್ಣ ಅರ್ಧ ಒರೆಸಿಕೊಂಡ ಪಾತ್ರಧಾರಿಗಳೆಲ್ಲಾ ಸುತ್ತ ನಿಂತರು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಹಳ್ಳಿಯ ಆಟಕ್ಕೆ ಆ ಹಾಡನ್ನು ಆ ಚರಣದ ಸಮೇತ ಸೇರಿಸಿದೆವು. ಅಲ್ಲಿ ಸಮಯದ ಅಡ್ಡಿ ಇಲ್ಲವಲ್ಲ.

ಹುಡುಗರು ಮೊಬೈಲ್ ಹಿಡಿದುಕೊಂಡೇ ನೋಡುತ್ತಾರೆ ಅಂತ ಬೇಜಾರು ಮಾಡಿಕೊಳ್ಳುವವರಿದ್ದಾರೆ. ನನಗೆ ಕಂಡದ್ದು ಬೇರೆ. ಕಾಲೇಜು ಹುಡುಗರ ಒಂದು ಗುಂಪು ನಾಟಕ ಮುಗಿದ ಕೂಡಲೇ ನನ್ನ ಹತ್ತಿರ ಬಂತು. ‘ಸರ್, ಇದಕ್ಕೆ ಟ್ರ್ಯಾಕ್ ಹಾಕಿದ್ರಾ?’ ಅಂತ ಕೇಳಿದರು. ಪೇಟಿ ತೋರಿಸಿದೆ. ಒಬ್ಬ ಕೂತು ಪೆಡಲು ತುಳಿದು ನೋಡಿದ. ಗಾಳಿ ಹಿಡಿಯಲು ಬರಲಿಲ್ಲ, ಸ್ವರ ತೇಲಿತು. ಬಿಡದೆ ಮತ್ತೆ ಮತ್ತೆ ತುಳಿದ. ಅವನೀಗ ಭಾನುವಾರ ನನ್ನ ಹತ್ತಿರ ಕಲಿಯಲು ಬರುತ್ತಾನೆ. ಸ್ವರಜ್ಞಾನ ಚೆನ್ನಾಗಿದೆ.

ಭತ್ತದ ಕಟಾವು ಮುಗಿದ ಮೇಲೆ ಸಿರುಗುಪ್ಪ ಕಡೆ ಆಡುವ ಮಾತಿದೆ. ಮೈಕಿನ ವಿಷಯ ತಂಡದಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಕೊರಳಿಗೆ ಕಟ್ಟುವ ಮೈಕ್ ಬೇಕು ಅಂತ ಹುಡುಗರ ವಾದ. ರಂಗದ ಮೇಲಿಂದ ತೂಗುಬಿಟ್ಟ ಮೈಕ್ ಸಾಕು, ಪಾತ್ರಧಾರಿ ಅದರ ಕಡೆ ನಡೆದು ಬಂದು ಹಾಡಿದರೆ ಜನರಿಗೂ ‘ಈಗ ಹಾಡು ಬಂತು’ ಅಂತ ತಿಳಿಯುತ್ತದೆ ಅನ್ನೋದು ನನ್ನ ಮಾತು. ಎರಡೂ ಥರ ಆಡಿ ನೋಡೋಣ ಅಂತ ಸದ್ಯಕ್ಕೆ ಒಪ್ಪಿಕೊಂಡಿದ್ದೇವೆ.