ಸ್ಕೇಟ್ ಸ್ಕೀ ಕಲಿಯಬೇಕೇ? ಮೊದಲು ಕೋಲು ಪಕ್ಕಕ್ಕಿಡಿ

ಮಿನಿಯಾಪೊಲಿಸ್ ಕಡೆ ಇರುವ ಕನ್ನಡಿಗರಿಗೆ ಡಿಸೆಂಬರಿನಿಂದ ಮಾರ್ಚಿನವರೆಗೆ ಮನೆಯಿಂದ ಹೊರಬೀಳಲು ಒಂದು ನೆಪ ಬೇಕು. ಸ್ಕೇಟ್ ಸ್ಕೀಯಿಂಗ್ ಒಳ್ಳೆಯ ನೆಪ. ಲಿಫ್ಟ್ ಹತ್ತಿ ಗುಡ್ಡದ ಮೇಲಿಂದ ಜಾರುವ ಆಟ ಅಲ್ಲ ಇದು. ಹಿಮದ ದಾರಿಯಲ್ಲಿ ಸ್ವಂತ ಬಲದಿಂದ ಸಾಗುವ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಇದು. ಅದರಲ್ಲಿ ಎರಡು ಬಗೆ. ಕ್ಲಾಸಿಕ್‌ನಲ್ಲಿ ಹಿಮದಲ್ಲಿ ಕೊರೆದ ಜಾಡಿನೊಳಗೆ ನೇರ ಹೋಗುತ್ತೀರಿ. ಸ್ಕೇಟ್‌ನಲ್ಲಿ ಸ್ಕೀಗಳನ್ನು, ಅಂದರೆ ಬೂಟಿಗೆ ಸಿಕ್ಕಿಸುವ ಉದ್ದನೆಯ ಹಲಗೆಗಳನ್ನು, ವಿ ಆಕಾರಕ್ಕೆ ಅಗಲಿಸಿ, ಒಂದೊಂದೇ ಕಾಲನ್ನು ಪಕ್ಕಕ್ಕೆ ಒತ್ತುತ್ತಾ ಮುಂದೆ ಜಾರುತ್ತೀರಿ. ಅಮೆರಿಕದ ಬಿಲ್ ಕೋಕ್ 1982ರಲ್ಲಿ ವಿಶ್ವಕಪ್ ಗೆದ್ದ ಮೇಲೆ ಈ ಹೆಜ್ಜೆ ಎಲ್ಲೆಡೆ ಹಬ್ಬಿತು. 1988ರ ಕ್ಯಾಲ್ಗರಿ ಒಲಿಂಪಿಕ್ಸ್ ಹೊತ್ತಿಗೆ ಎರಡಕ್ಕೂ ಬೇರೆ ಬೇರೆ ಸ್ಪರ್ಧೆಗಳಿದ್ದವು.

ಸಾಮಾನು ಬಾಡಿಗೆಗೆ ತೆಗೆದುಕೊಳ್ಳಿ. ಥಿಯೊಡೋರ್ ವರ್ತ್ ಪಾರ್ಕ್, ಬ್ಲೂಮಿಂಗ್ಟನ್ನಿನ ಹೈಲ್ಯಾಂಡ್, ಮೇಪಲ್ ಗ್ರೋವ್‌ನ ಎಲ್ಮ್ ಕ್ರೀಕ್, ಮೂರೂ ಕಡೆ ಸಿಗುತ್ತದೆ. ಕೇಳುವಾಗ ‘ಸ್ಕೇಟ್’ ಎಂದು ಸ್ಪಷ್ಟವಾಗಿ ಹೇಳಿ. ತಳದಲ್ಲಿ ಮೀನಿನ ಹುರುಪೆಯಂಥ ಗೀರುಗಳಿರುವ ಸ್ಕೀ ಕೊಟ್ಟರೆ ಅದು ಕ್ಲಾಸಿಕ್ಕಿನದು, ವಾಪಸ್ ಕೊಡಿ. ಬೂಟು ಕಣಕಾಲನ್ನು ಬಿಗಿಯಾಗಿ ಹಿಡಿದಿರಬೇಕು. ಎರಡು ಕೈಗೂ ಒಂದೊಂದು ಹಿಡಿಯುವ ಕೋಲು ನೆಲಕ್ಕೂರಿದರೆ ಗದ್ದಕ್ಕೂ ಮೇಲ್ದುಟಿಗೂ ನಡುವೆ ಬರಬೇಕು. ಹತ್ತಿ ಬಟ್ಟೆ ಬೇಡ, ಬೆವರು ಕುಡಿದು ತಣ್ಣಗಾಗುತ್ತದೆ. ದಪ್ಪ ಜಾಕೆಟ್ಟೂ ಬೇಡ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಿದರೆ ಬಟ್ಟೆ ಸರಿಯಾಗಿದೆ ಎಂದರ್ಥ.

ಸೆಲ್ಸಿಯಸ್ ಲೆಕ್ಕದಲ್ಲಿ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗಿರುವ, ದಾರಿಯನ್ನು ಮಷಿನ್ನಿನಿಂದ ಹದ ಮಾಡಿದ ದಿನ ನೋಡಿ ಹೋಗಿ. ಮೈನಸ್ 15ರ ಆಚೆ ಸ್ಕೀ ಸುಲಭಕ್ಕೆ ಜಾರುವುದಿಲ್ಲ, ಮರಳಿನ ಮೇಲೆ ಸ್ಕೀ ಎಳೆದ ಹಾಗಿರುತ್ತದೆ. ಅಂಥ ದಿನ ಕಲಿಯಲು ಹೋದರೆ ತಪ್ಪು ನಿಮ್ಮದೇ ಅನ್ನಿಸಿಬಿಡುತ್ತದೆ.

ಮೊದಲ ಪಾಠ ಒಂದೇ ಸ್ಕೀಯದು. ಸಮತಟ್ಟಾದ ಜಾಗದಲ್ಲಿ ಒಂದು ಕಾಲಿಗೆ ಮಾತ್ರ ಸ್ಕೀ ಹಾಕಿ, ಇನ್ನೊಂದು ಕಾಲಿನ ಬೂಟಿನಿಂದ ನೆಲ ಒದ್ದು ಜಾರಿ. ಆಮೇಲೆ ಕಾಲು ಬದಲಿಸಿ. ಒಂದು ಕಾಲಿನ ಮೇಲೆ ನಿಲ್ಲುವ ಧೈರ್ಯ ಇಲ್ಲಿಯೇ ಬರಬೇಕು.

ಈಗ ಎರಡೂ ಸ್ಕೀ ಹಾಕಿ. ಕೋಲು ಮಾತ್ರ ಇನ್ನೂ ಬೇಡ. ಬಹಳ ಜನ ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಕೈಯಲ್ಲಿ ಕೋಲಿದ್ದರೆ ಭಾರವೆಲ್ಲ ತೋಳಿಗೆ ಬೀಳುತ್ತದೆ, ಕಾಲು ಕಲಿಯುವುದೇ ಇಲ್ಲ. ಕಣಕಾಲು, ಮಂಡಿ ಎರಡನ್ನೂ ಸ್ವಲ್ಪ ಬಗ್ಗಿಸಿ. ಕುರ್ಚಿಯಲ್ಲಿ ಕೂತಂತೆ ಸೊಂಟ ಹಿಂದಕ್ಕೆ ಹೋಗಬಾರದು. ಸ್ಕೀಗಳ ಹಿಂತುದಿಗಳು ಹತ್ತಿರ, ಮುಂತುದಿಗಳು ದೂರ. ಬಲಗಾಲಿನಿಂದ ಪಕ್ಕಕ್ಕೆ ಒತ್ತಿ, ಮೈಯನ್ನೆಲ್ಲ ಎಡ ಸ್ಕೀ ಮೇಲೆ ತನ್ನಿ. ಮೂಗು, ಮಂಡಿ, ಕಾಲಿನ ಹೆಬ್ಬೆರಳು ಒಂದೇ ಗೆರೆಗೆ ಬಂದಿವೆಯೇ ನೋಡಿಕೊಳ್ಳಿ. ಸ್ಕೀ ಮಗ್ಗುಲಿಗೆ ವಾಲದೆ ಚಪ್ಪಟೆಯಾಗಿರಲಿ. ಜಾರುವುದು ನಿಧಾನವಾಗುವವರೆಗೆ ಅದರ ಮೇಲೇ ಇರಿ, ಆಮೇಲೆ ಇನ್ನೊಂದು ಕಡೆ. ಹೊಸಬರು ಎರಡು ಸ್ಕೀಗಳ ನಡುವೆ ಮೈ ಇಟ್ಟುಕೊಂಡು ಪಟಪಟ ಕಾಲು ಬಡಿಯುತ್ತಾರೆ. ದಣಿವು ಜಾಸ್ತಿ, ದೂರ ಕಮ್ಮಿ. ಬೆಂಗಳೂರಿನಲ್ಲಿ ಚಿಕ್ಕಂದಿನಲ್ಲಿ ರೋಲರ್ ಸ್ಕೇಟಿಂಗ್ ಮಾಡಿದವರಿಗೆ ಈ ಭಾಗ ಬೇಗ ಕೂಡಿಬರುತ್ತದೆ.

ಬೀಳುತ್ತೀರಿ, ಬಿಡಿ. ಪಕ್ಕಕ್ಕೆ ಬೀಳಿ. ಏಳುವಾಗ ಸ್ಕೀಗಳನ್ನು ಇಳಿಜಾರಿಗೆ ಅಡ್ಡವಾಗಿ ತಂದುಕೊಂಡು, ಮೊದಲು ಮಂಡಿಯೂರಿ, ಆಮೇಲೆ ನಿಲ್ಲಿ.

ಕಾಲಿಗೆ ತಾಳ ಸಿಕ್ಕ ಮೇಲೆ ಕೋಲು. ಕೋಲಿನ ಕೈಪಟ್ಟಿಯಲ್ಲಿ ಎಡ ಬಲ ಎಂದು ಗುರುತಿರುತ್ತದೆ, ಕೈಯನ್ನು ಕೆಳಗಿನಿಂದ ತೂರಿಸಿ. ಮೊದಲು ವಿ1 ಎಂಬ ಹೆಜ್ಜೆ ಕಲಿಯಿರಿ, ಸಣ್ಣ ಏರಿಗೆ ಅದೇ ಸರಿ. ಎರಡು ಕೋಲು, ಒಂದು ಸ್ಕೀ, ಮೂರೂ ಒಟ್ಟಿಗೆ ನೆಲ ಮುಟ್ಟಬೇಕು. ಇನ್ನೊಂದು ಬದಿಗೆ ಬರೀ ಕಾಲು. ಎಡಕ್ಕೂ ಬಲಕ್ಕೂ ಎರಡೂ ಅಭ್ಯಾಸ ಮಾಡಿ, ಇಲ್ಲವಾದರೆ ಒಂದೇ ಬದಿ ರೂಢಿಯಾಗಿಬಿಡುತ್ತದೆ. ಪ್ರತಿ ಕಾಲಿಗೂ ಕೋಲು ಊರುವ ವಿ2ಗೆ ಒಳ್ಳೆಯ ಸಮತೋಲನ ಬೇಕು. ಅದು ಮುಂದಿನ ಚಳಿಗಾಲಕ್ಕಿರಲಿ ಎಂದರೂ ತಪ್ಪಿಲ್ಲ.

ಉಸಿರಿನ ವಿಷಯ. ಹೊಸಬರಿಗೆ ಸ್ಕೇಟ್‌ನಲ್ಲಿ ನಿಧಾನದ ಗೇರ್ ಇಲ್ಲ. ವೇಗ ಕಮ್ಮಿಯಾದರೆ ಸಮತೋಲನವೂ ಹೋಗುತ್ತದೆ. ಹಾಗಾಗಿ ಏರಿನಲ್ಲಿ ಎದೆ ಡವಡವ ಎನ್ನುವುದು ಎಲ್ಲರಿಗೂ ಇದ್ದದ್ದೇ. ಹೆಜ್ಜೆ ಚಿಕ್ಕದು ಮಾಡಿ, ವಿ ಅಗಲ ಮಾಡಿ. ಆಗದಿದ್ದರೆ ಹಾಗೇ ನಡೆದು ಹತ್ತಿ. ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಇಳಿಜಾರಿನಲ್ಲಿ ಹಿಂತುದಿಗಳನ್ನು ಅಗಲಿಸಿ ಒತ್ತಿದರೆ ಬ್ರೇಕು. ಈ ಸ್ಕೀಗಳು ತೆಳು, ಅಂಚಿಗೆ ಲೋಹವಿಲ್ಲ, ಬ್ರೇಕು ತಕ್ಷಣ ಹಿಡಿಯುವುದಿಲ್ಲ. ಆದ್ದರಿಂದ ಮೊದಲೇ ಶುರು ಮಾಡಿ.

ದಾರಿಯ ಶಿಸ್ತು: ಬಹುತೇಕ ಟ್ರೇಲ್‌ಗಳು ಒನ್‌ವೇ. ಅಂಚಿನಲ್ಲಿರುವ ಕ್ಲಾಸಿಕ್ ಜಾಡನ್ನು ತುಳಿಯಬೇಡಿ. ಬಿದ್ದರೆ ಬೇಗ ಪಕ್ಕಕ್ಕೆ ಸರಿಯಿರಿ. ಟ್ರೇಲ್ ಪಾಸ್ ಬೇಕಾಗುತ್ತದೆ, ಪಾರ್ಕಿಗೊಂದು ನಿಯಮ ಇರುವುದರಿಂದ ಮೊದಲೇ ವಿಚಾರಿಸಿ.

2024ರ ಫೆಬ್ರವರಿಯಲ್ಲಿ ವಿಶ್ವಕಪ್ ನಡೆದದ್ದು ಇದೇ ಥಿಯೊಡೋರ್ ವರ್ತ್ ಪಾರ್ಕಿನಲ್ಲಿ. 2018ರಲ್ಲಿ ಅಮೆರಿಕಕ್ಕೆ ಕ್ರಾಸ್ ಕಂಟ್ರಿಯ ಮೊದಲ ಒಲಿಂಪಿಕ್ ಚಿನ್ನ ತಂದ ಜೋಡಿಯಲ್ಲಿ ಒಬ್ಬಳಾದ ಜೆಸ್ಸಿ ಡಿಗ್ಗಿನ್ಸ್ ಇಲ್ಲೇ ಹತ್ತಿರದ ಆಫ್ಟನ್ ಊರಿನವಳು. ಪಕ್ಕದ ವಿಸ್ಕಾನ್ಸಿನ್‌ನಲ್ಲಿ 1973ರಿಂದ ಬರ್ಕಬೈನರ್ ಎಂಬ ಸ್ಕೀ ಓಟವಿದೆ. ಸ್ಕೇಟ್‌ನವರಿಗೆ 50 ಕಿ.ಮೀ. ಹೊಸಬರು ಮೊದಲ ವರ್ಷ ಹೆಸರು ಕೊಡುವುದಾದರೆ ಅದರ ಜೊತೆಗೇ ನಡೆಯುವ ಚಿಕ್ಕ ಓಟಗಳನ್ನು ನೋಡಲಿ.